ಸನತ್‌ನಗರದ ಉಬ್ಬರ

ಸನತ್‌ನಗರದ ಕೈಗಾರಿಕಾ ವಸಾಹತಿನಲ್ಲಿ, ಲೇತ್ ಕಾರ್ಖಾನೆಯೊಂದರ ಬೆನ್ನಿಗೆ ಅಂಟಿಕೊಂಡಂತಿದ್ದ ತಗಡಿನ ಶೆಡ್ಡಿನಲ್ಲಿ ನಾನು ಒಂದೂವರೆ ವರ್ಷ ಸಮುದ್ರವನ್ನು ಏರಿಸಿ ಇಳಿಸುವ ಕೆಲಸ ಮಾಡಿದೆ.

ಹೈದರಾಬಾದಿನಿಂದ ಕರಾವಳಿಗೆ ರೈಲಿನಲ್ಲಿ ಒಂದು ರಾತ್ರಿಯ ದಾರಿ. ಆದರೂ ಶೆಡ್ಡಿನ ಶಟರ್ ಎತ್ತಿದರೆ ಉಪ್ಪಿನ, ಹಸಿ ಕೆಸರಿನ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಕಿಟಕಿ ಗಾಜುಗಳಿಗೆ ಕಪ್ಪು ಬಣ್ಣ ಬಳಿದಿದ್ದೆವು. ಒಳಗಿನ ಹಗಲು ದೀಪಗಳದ್ದು. ಎರಡು ಸಾಲಿನಲ್ಲಿ ಎಂಟು ಗಾಜಿನ ತೊಟ್ಟಿಗಳು. ಪ್ರತಿಯೊಂದರ ತಳದಲ್ಲಿ ಕಪ್ಪು ಕೆಸರು, ಕೆಸರಿನಲ್ಲಿ ಬೇರು ಬಿಟ್ಟ ಕಡಲಹುಲ್ಲು. ಅಲೆಯಿಲ್ಲ, ಗಾಳಿಯಿಲ್ಲ. ನೋಡುತ್ತ ನಿಂತರೆ ಏನೂ ಆಗುತ್ತಿಲ್ಲ ಅನ್ನಿಸುತ್ತಿತ್ತು. ಹೊರಗೆ ಹೋಗಿ ಚಹಾ ಕುಡಿದು ಬಂದರೆ ಗಾಜಿನ ಮೇಲೆ ನೀರಿನ ಗೆರೆ ಎರಡು ಬೆರಳು ಮೇಲಕ್ಕೆ ಸರಿದಿರುತ್ತಿತ್ತು.

ಪೂರ್ವ ಕರಾವಳಿಯ ಒಂದು ಅಳಿವೆಯಿಂದ ಬಂದ ಹುಲ್ಲು ಅದು. ನದಿ ಸಮುದ್ರಕ್ಕೆ ಸೇರುವ ಜಾಗದ ಆಳವಿಲ್ಲದ ನೀರಿನಲ್ಲಿ, ಬೆರಳುದ್ದದ ಸಪೂರ ಎಲೆಗಳ ಹಾಸು. ಜನ ಅದನ್ನು ಪಾಚಿ ಅಂದುಕೊಳ್ಳುತ್ತಾರೆ. ಪಾಚಿಯಲ್ಲ. ಬೇರು, ಕಾಂಡ, ಹೂವು ಎಲ್ಲ ಇರುವ ಗಿಡ. ನೀರಿನಡಿಯೇ ಬಾಳುತ್ತದೆ, ಅಷ್ಟೇ. ಸಿಗಡಿ ಮರಿ, ಮೀನು ಮರಿ ಬೆಳೆಯುವುದು ಅದರ ನಡುವೆ. ಅದಕ್ಕೆ ಬೇಕಾದದ್ದು ಬೆಳಕು. ಹೊಲಗಳ ಗೊಬ್ಬರ, ಸಿಗಡಿ ಹೊಂಡಗಳ ಕೊಳಕು, ಊರ ಚರಂಡಿ ನದಿಗೆ ಸೇರಿ ಬಂದರೆ ನೀರಿನಲ್ಲಿ ಸಾರಜನಕ, ರಂಜಕ ಹೆಚ್ಚಿ ನೂಲುಪಾಚಿ ಕೊಬ್ಬುತ್ತದೆ. ಎಲೆಯ ಮೇಲೆ ತುಪ್ಪಳದಂತೆ ಕೂತು ಬೆಳಕನ್ನು ತಡೆಯುತ್ತದೆ. ಸಮುದ್ರ ಏರಿದರೆ ಎಲೆಯ ಮೇಲಿನ ನೀರು ಆಳವಾಗಿ ಬೆಳಕು ಇನ್ನಷ್ಟು ಕಡಿಮೆಯಾಗುತ್ತದೆ. ಎರಡೂ ಒಟ್ಟಿಗೆ ಬಂದರೆ ಏನಾಗುತ್ತದೆ? ಅದನ್ನು ತಿಳಿಯಲು ನಮ್ಮ ಮುಖ್ಯಸ್ಥರು ಈ ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದರು.

ತೊಟ್ಟಿಗಳು ನಾಲ್ಕು ಜೋಡಿ. ಒಂದು ಜೋಡಿಗೆ ಗೊಬ್ಬರದ ನೀರು ಹೆಚ್ಚು. ಇನ್ನೊಂದಕ್ಕೆ ಆಳ ಹೆಚ್ಚು. ಮೂರನೆಯದಕ್ಕೆ ಎರಡೂ, ಅದರ ಮೇಲೆ ನಾವು 'ಮುಂದೆ' ಎಂದು ಬರೆದ ಚೀಟಿ ಅಂಟಿಸಿದ್ದೆವು. ಈ ಮೂರೂ ಮೊದಲೇ ಗೊತ್ತುಮಾಡಿದ ಲೆಕ್ಕದ ಪ್ರಕಾರ ನಡೆಯುತ್ತಿದ್ದವು. ನಾಲ್ಕನೆಯ ಜೋಡಿಯ ಮೇಲೆ 'ಇಂದು' ಎಂಬ ಚೀಟಿ. ಅದು ನಿಜವಾದ ಅಳಿವೆಯ ನೆರಳು. ಅಳಿವೆಯಲ್ಲಿ ಒಂದು ಮರದ ಕಂಬಕ್ಕೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಕಟ್ಟಿದ್ದೆವು. ಅದು ಮೊಬೈಲ್ ಸಿಗ್ನಲ್ ಮೂಲಕ ಸುದ್ದಿ ಕಳಿಸುತ್ತಿತ್ತು. ಅಲ್ಲಿ ಉಬ್ಬರವಾದರೆ ಇಲ್ಲಿ ಪಂಪು ನೀರು ತುಂಬುವುದು, ಅಲ್ಲಿ ಇಳಿತವಾದರೆ ಇಲ್ಲಿ ಎಳೆದುಕೊಳ್ಳುವುದು. ಅಲ್ಲಿಯ ದೋಣಿಯವರೊಬ್ಬರು ವಾರಕ್ಕೊಮ್ಮೆ ನೀರಿನ ಬಾಟಲಿ ತುಂಬಿ ಹತ್ತಿರದ ಪ್ರಯೋಗಾಲಯಕ್ಕೆ ಕೊಡುತ್ತಿದ್ದರು. ಅಲ್ಲಿಂದ ಬಂದ ಸಾರಜನಕ, ರಂಜಕದ ಅಂಕಿಗೆ ತಕ್ಕಂತೆ, ಈ ಜೋಡಿಗೆ ಗೊಬ್ಬರದ ನೀರು ತೊಟ್ಟಿಕ್ಕಿಸುವ ಹನಿಪಂಪಿನ ಗುಂಡಿಯನ್ನು ನಾನು ತಿರುಗಿಸುತ್ತಿದ್ದೆ.

ಶೆಡ್ಡಿನಲ್ಲಿ ನನ್ನ ಜೊತೆ ಇದ್ದದ್ದು ಒಬ್ಬ ಸಹಾಯಕಿ. ಲಿಂಗಸುಗೂರು ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದಾಕೆ. ಬೆನ್ನು ನೋವಾಗಿ ಬುಟ್ಟಿ ಹೊರಲಾಗದೆ ಈ ಕೆಲಸಕ್ಕೆ ಸೇರಿದ್ದಳು. ಗಾಜು ಒರೆಸುವುದು, ಆವಿಯಾದಷ್ಟು ಸಿಹಿನೀರು ಸೇರಿಸಿ ಉಪ್ಪಿನ ಹದ ಕಾಯುವುದು, ಬಿದ್ದ ಎಲೆ ಆರಿಸುವುದು ಅವಳ ಕೆಲಸ. ಸಮುದ್ರ ನೋಡಿದವಳಲ್ಲ. ಬಂದ ಮೊದಮೊದಲು ತೊಟ್ಟಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ.

"ಯಾಕವ್ವ, ಏನಾತು?" ಎಂದು ಒಮ್ಮೆ ಕೇಳಿದೆ.

"ಏನಿಲ್ರಿ ಅಕ್ಕಾರ. ಬೆನ್ನ ಹಿಂದ ಯಾರೋ ಉಸುರು ಎಳಕೊಂಡಂಗ ಆಕ್ಕೈತಿ. ತಿರುಗಿ ನೋಡಿದ್ರ ನೀರು ಇಳಿದಿರ್ತೈತಿ."

ನಾನು ನಕ್ಕೆ. ಆದರೆ ಅಂದಿನಿಂದ ನನಗೂ ಗೋಡೆಗೆ ಬೆನ್ನು ಕೊಟ್ಟೇ ಕೂರುವ ಅಭ್ಯಾಸವಾಯಿತು.

ಮೊದಲ ತಿಂಗಳುಗಳು ಬರೀ ದುಡಿಮೆ. ತೊಟ್ಟಿಯ ತಳಕ್ಕೆ ತಂತಿಯ ಚೌಕಟ್ಟು ಇಳಿಸಿ, ಚೌಕದೊಳಗಿನ ಚಿಗುರು ಎಣಿಸಬೇಕು. ಎಲೆಯ ಬುಡಕ್ಕೆ ಸೂಜಿ ಚುಚ್ಚಿ ಗುರುತು ಮಾಡಿದರೆ, ಒಂದು ವಾರದ ಮೇಲೆ ಆ ತೂತು ಎಷ್ಟು ಮೇಲೆ ಹೋಗಿದೆ ನೋಡಿ ಬೆಳವಣಿಗೆ ಹೇಳಬಹುದು. ತೋಳು ಭುಜದವರೆಗೆ ತಣ್ಣನೆಯ ನೀರಿನಲ್ಲಿ, ಕೆನ್ನೆ ಗಾಜಿಗೆ ಒತ್ತಿ ಮಾಡುವ ಕೆಲಸ. ಪಕ್ಕದ ಲೇತ್ ಕಾರ್ಖಾನೆಯ ಮಾಲೀಕರು ಆಗಾಗ ಇಣುಕುತ್ತಿದ್ದರು. "ಕ್ಯಾ ಪಾಲ್‌ರೇ ಮೇಡಂ ಅಂದರ್? ಮಛ್ಲಿ?" ಮೀನಲ್ಲ, ಹುಲ್ಲು ಸಾಕುತ್ತಿದ್ದೇವೆ ಎಂದರೆ ನಂಬುತ್ತಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಒಂದು ಮಧ್ಯಾಹ್ನ. ಹೈದರಾಬಾದಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ನಾನು ರಸ್ತೆಯಾಚೆಯ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆ. ಸಹಾಯಕಿಯ ಫೋನು ಬಂತು.

"ಅಕ್ಕಾರ, ಲಗೂನ ಬರ್ರಿ. ನೀರು ನಿಲ್ಲವಲ್ದು."

ಓಡಿಬಂದೆ. 'ಇಂದು' ಜೋಡಿಯ ಎರಡೂ ತೊಟ್ಟಿಗಳು ತುಂಬಿ ನಾಲ್ಕೂ ಅಂಚಿನಿಂದ ನೀರು ಒಂದೇ ಸಮನೆ ಇಳಿಯುತ್ತಿತ್ತು. ಸದ್ದೇ ಇರಲಿಲ್ಲ. ಗಾಜಿಗೆ ಒದ್ದೆ ಬಟ್ಟೆ ಹೊದಿಸಿದ ಹಾಗೆ ಕಾಣುತ್ತಿತ್ತು. ಉಳಿದ ಆರು ತೊಟ್ಟಿಗಳು ತಮ್ಮ ಪಾಡಿಗೆ ನಿಂತಿದ್ದವು. ಪಂಪು ಕೆಟ್ಟಿತೆಂದುಕೊಂಡು ಪರದೆ ನೋಡಿದೆ. ಪಂಪಿನಲ್ಲಿ ದೋಷವಿರಲಿಲ್ಲ. ಅಳಿವೆಯ ಸೆನ್ಸರ್ ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡುತ್ತಿತ್ತು. ಅಲ್ಲಿ ಚಂಡಮಾರುತ ದಡಕ್ಕೆ ಅಪ್ಪಳಿಸಿತ್ತು. ತೊಟ್ಟಿಯ ಅಂಚಿಗಿಂತ ಎತ್ತರಕ್ಕೆ ಸಮುದ್ರ ಬರಬಹುದೆಂದು ನಾವ್ಯಾರೂ ಎಣಿಸಿರಲಿಲ್ಲ.

ಸ್ವಿಚ್ ಆರಿಸುವ ಹೊತ್ತಿಗೆ ಉಪ್ಪುನೀರು ಶಟರಿನ ಕೆಳಗೆ ನುಸುಳಿ ಬಿಸಿಲಿಗೆ ಕಾದ ಓಣಿಗೆ ಹೋಗಿತ್ತು. ಲೇತ್ ಮಾಲೀಕರು ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು ನನ್ನ ಮುಖ ನೋಡಿದರು. "ಖಾರಾ ಪಾನಿ ಹೈ ಮೇಡಂ. ಯಹಾಂ ಕಹಾಂ ಸೇ ಆಯಾ?" ಎಂದರು. ಉಪ್ಪುನೀರು ಇಲ್ಲಿಗೆ ಎಲ್ಲಿಂದ ಬಂತೆಂದು ವಿವರಿಸಲು ಹೋಗದೆ ಪೊರಕೆ ತೆಗೆದುಕೊಂಡೆ.

ಎಷ್ಟೋ ದಿನ ದೋಣಿಯವರ ಫೋನು ಹತ್ತಲಿಲ್ಲ. ಸೆನ್ಸರ್ ಮಾತ್ರ ತಪ್ಪದೆ ಅಂಕಿ ಕಳಿಸುತ್ತಿತ್ತು. ಅಲ್ಲಿ ಮನುಷ್ಯರು ಇದ್ದಾರೋ ಇಲ್ಲವೋ ಗೊತ್ತಿಲ್ಲ, ನೀರಿನ ಸುದ್ದಿಯಷ್ಟೇ ಬರುತ್ತಿತ್ತು. ಕೊನೆಗೆ ಅವರೇ ಕರೆ ಮಾಡಿದರು. ನಾವು ಮಾತಾಡುತ್ತಿದ್ದದ್ದು ತೆಲುಗಿನಲ್ಲಿ. ಮನೆಯವರೆಲ್ಲ ಕ್ಷೇಮ, ದೋಣಿಗೆ ಹೊಸ ಹಲಗೆ ಬೇಕು ಎಂದರು. ಆಮೇಲೆ, ಅಳಿವೆಯ ಬಾಯಲ್ಲಿದ್ದ ಮರಳದಿಬ್ಬ ಕೊಚ್ಚಿಹೋಗಿದೆ ಎಂದರು. "ಮೊದಲೇ ಸಮುದ್ರ ನಮ್ಮಪ್ಪನ ಕಾಲಕ್ಕಿಂತ ಮೇಲೆ ನಿಂತಿತ್ತಮ್ಮಾ. ದಿಬ್ಬ ಅದನ್ನ ತಡೀತಿತ್ತು. ಈಗ ಬಾಗಿಲೇ ಇಲ್ಲದ ಮನೆ."

ನಾವು 'ಇಂದು' ತೊಟ್ಟಿಗಳ ಅಂಚಿಗೆ ಅಕ್ರಿಲಿಕ್ ಹಾಳೆ ಅಂಟಿಸಿ ಎತ್ತರಿಸಿದೆವು. ಪಂಪು ಮತ್ತೆ ಶುರುವಾಯಿತು. ನೀರು ಮೊದಲಿನ ಗುರುತಿಗೆ ಇಳಿಯಲೇ ಇಲ್ಲ. ಚಂಡಮಾರುತದ ಹಿಂದೆಯೇ ಹೊಲಗಳನ್ನೂ ಹೊಂಡಗಳನ್ನೂ ತೊಳೆದುಕೊಂಡು ನದಿಯ ನೆರೆ ಅಳಿವೆಗೆ ಬಂದಿತ್ತು. ವಾರವಾರದ ಅಂಕಿ ಸ್ವಲ್ಪ ಸ್ವಲ್ಪವೇ ಏರುತ್ತ ಹೋಯಿತು. ನಾನು ಹನಿಪಂಪಿನ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದೆ.

ಅದೇ ಹೊತ್ತಿಗೆ 'ಮುಂದೆ' ಜೋಡಿ ಸತ್ತಿತು. ಸಾಯುವುದೆಂದು ನಿರೀಕ್ಷೆಯಿತ್ತು, ಸತ್ತ ರೀತಿ ನಿರೀಕ್ಷಿಸಿದ್ದಲ್ಲ. ಎಲೆ ಹಳದಿಯಾಗಿ, ಕಂದಾಗಿ, ವಾರಗಟ್ಟಲೆ ಕ್ಷೀಣಿಸುತ್ತದೆ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಬಂದರೆ ಸಹಾಯಕಿ ಶಟರ್ ಅರ್ಧ ಎತ್ತಿ ಹೊರಗೇ ನಿಂತಿದ್ದಳು.

"ಯಾರರ ಬಂದಿದ್ರೇನ್ರಿ ಅಕ್ಕಾರ ನಿನ್ನಿ?"

"ಯಾಕ?"

"ಕೊಯ್ದಾರ್ರಿ."

ಎರಡೂ ತೊಟ್ಟಿಗಳಲ್ಲಿ ಎಲೆಗಳೆಲ್ಲ ನೀರಿನ ಮೇಲೆ ತೇಲುತ್ತಿದ್ದವು. ಹಸಿರು ಹಸಿರಾಗಿಯೇ ಇದ್ದವು, ಕುಡುಗೋಲಿನಿಂದ ಒಂದೇ ಏಟಿಗೆ ಕತ್ತರಿಸಿದ ಹಾಗೆ. ತಳದಲ್ಲಿ ಬೋಳು ಕೆಸರು. ಅದರ ಮೇಲೆ ಜೇಡರ ಬಲೆಯಂಥ ತೆಳ್ಳನೆಯ ಬಿಳಿ ಪೊರೆ. ಕೊಳೆತ ಮೊಟ್ಟೆಯ ವಾಸನೆ. ಅದನ್ನು ನಾನು ಓದಿ ಬಲ್ಲೆ. ಕೆಸರಿನಲ್ಲಿ ಆಮ್ಲಜನಕ ಮುಗಿದಾಗ ಗಂಧಕದ ವಿಷಗಾಳಿ ಹುಟ್ಟುತ್ತದೆ. ಗಿಡ ಬಲವಾಗಿದ್ದರೆ ಬೇರಿನಿಂದ ಆಮ್ಲಜನಕ ಬಿಟ್ಟು ಅದನ್ನು ದೂರ ಇಡುತ್ತದೆ. ಬೆಳಕಿಲ್ಲದೆ ಬಳಲಿದ್ದರೆ ವಿಷ ಬೇರಿನೊಳಗೆ ನುಗ್ಗಿ, ಎಲೆ ಹುಟ್ಟುವ ಬುಡವನ್ನೇ ಕೊಳೆಸುತ್ತದೆ. ಎಲೆಗೆ ತಾನು ಸತ್ತದ್ದು ತಿಳಿದೇ ಇರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ, ಆ ಹಸಿರು ಎಲೆಗಳನ್ನು ಜರಡಿಯಲ್ಲಿ ಎತ್ತುವಾಗ ಒಂದೊಂದರ ಬುಡವನ್ನೂ ತಿರುಗಿಸಿ, ಕತ್ತಿಯ ಗುರುತು ಇದೆಯೇ ಎಂದು ನೋಡಿದೆ.

ಮುಖ್ಯಸ್ಥರಿಗೆ ಹೇಳಿದೆ. ಅವರು ಧಾರವಾಡದವರು, ಕಚೇರಿಯಲ್ಲಿ ಇಂಗ್ಲಿಷು, ನಾವಿಬ್ಬರೇ ಇದ್ದಾಗ ಕನ್ನಡ. "ಭಾಳ ಛಲೋ ಆತು. ಸ್ಪಷ್ಟ ಫಲಿತಾಂಶ. ಇನ್ನ 'ಇಂದು' ಜೋಡಿ ಹಂಗ ಹಸರಿರಲಿ, ಎರಡನ್ನೂ ಕಿತ್ತು ಒಣಗಿಸಿ ತೂಗೂಣು," ಎಂದರು. ಪ್ರಯೋಗದ ಕೊನೆ ಅದೇ ಆಗಿತ್ತು: ಬದುಕಿದ್ದು ಸತ್ತದ್ದು ಎಲ್ಲವನ್ನೂ ಬೇರುಸಹಿತ ಕಿತ್ತು, ತೊಳೆದು, ಒಲೆಯಲ್ಲಿ ಒಣಗಿಸಿ ತೂಗುವುದು. ಮೊದಲೆರಡು ಜೋಡಿಗಳ ಅವಧಿ ಮುಗಿದು ಅವನ್ನು ಹಾಗೆ ಕಿತ್ತು ತೂಗಿಯಾಗಿತ್ತು.

ಆಮೇಲಿನ ಒಂದು ಬೆಳಿಗ್ಗೆ ಶೆಡ್ಡಿನೊಳಗೆ ಕಾಲಿಟ್ಟವಳಿಗೆ ಏನೋ ಬದಲಾಗಿದೆ ಅನ್ನಿಸಿತು. ದೀಪಗಳು ಸರಿಯಾಗಿದ್ದವು. ವಾಸನೆ ಅದೇ. ಏನೆಂದು ತಿಳಿಯದೆ ನಡುವೆ ನಿಂತೆ. ಆಮೇಲೆ ತಿಳಿಯಿತು, ಸದ್ದು. ಹನಿಪಂಪುಗಳು ಟಿಕ್ ಎಂದು ಸದ್ದು ಮಾಡಿ ಹನಿ ಬಿಡುತ್ತವೆ. 'ಮುಂದೆ' ಜೋಡಿಯ ಪಂಪನ್ನು ಹೋಲಿಕೆಗಾಗಿ ನಾವು ನಿಲ್ಲಿಸಿರಲಿಲ್ಲ. ಸತ್ತ ಕೆಸರಿನ ಮೇಲೆ ಅದು ಟಿಕ್ ಟಿಕ್ ಎನ್ನುತ್ತಲೇ ಇತ್ತು. 'ಇಂದು' ಜೋಡಿಯದು ಯಾವಾಗಲೂ ನಿಧಾನ, ಅದರ ಹಿಂದೆಲ್ಲೋ. ಈಗ ಎರಡೂ ಒಂದೇ ಉಸಿರಿನಲ್ಲಿ ಹೊಡೆಯುತ್ತಿದ್ದವು. ಒಂದೇ ಪಂಪು ಇದ್ದ ಹಾಗೆ.

ಪರದೆ ನೋಡಿದೆ. ಹಿಂದಿನ ಸಂಜೆ ನಾನೇ ತಿರುಗಿಸಿದ ಅಂಕಿ. ಎರಡು ಜೋಡಿಗಳ ನೀರಿನ ಗೆರೆಯೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿತ್ತು. ಮುಂದಿನ ತಲೆಮಾರಿಗೆ ಬರಬಹುದೆಂದು ನಾವು ಊಹಿಸಿ ಕಟ್ಟಿದ ನೀರು, ವಾರದ ಬಾಟಲಿಯಲ್ಲಿ ಆಗಲೇ ಬಂದಾಗಿತ್ತು. ನಾನು ಅದನ್ನು ಕೈಯಾರೆ, ಹನಿ ಹನಿಯಾಗಿ, ಬದುಕಿರುವ ಹುಲ್ಲಿಗೆ ಕುಡಿಸುತ್ತಿದ್ದೆ. ಬಗ್ಗಿ ನೋಡಿದೆ. 'ಇಂದು' ಜೋಡಿಯ ಒಂದು ತೊಟ್ಟಿಯ ಮೂಲೆಯಲ್ಲಿ, ಕೆಸರಿನ ಮೇಲೆ, ಅಂಗೈಯಗಲದ ಬಿಳಿ ಪೊರೆ.

ಹೊಸ ಹುಲ್ಲು ತರೋಣ ಎಂದು ಮರುದಿನವೇ ಅಳಿವೆಗೆ ಹೊರಟೆ. ತೊಟ್ಟಿಯ ಗಿಡಗಳಿಗೆ ಏನಾದರೂ ಆದರೆ ಮೂಲದ ಹಾಸು ಅಲ್ಲಿದೆಯಲ್ಲ ಎಂಬ ಧೈರ್ಯ ನನಗೆ ಅಲ್ಲಿಯವರೆಗೆ ಇತ್ತು.

ದೋಣಿಯವರು ನನ್ನನ್ನು ಕಂಬದವರೆಗೆ ಕರೆದೊಯ್ದರು. ಗಾಳಿ ಬಿದ್ದಿತ್ತು. ನೀರಿನ ಮೇಲೆ ಹಸಿರು ನೂಲುಪಾಚಿ ಕಂಬಳಿಯಂತೆ ಹರಡಿ, ಹುಟ್ಟು ಹಾಕಿದಾಗಲೆಲ್ಲ ಕೋಲಿಗೆ ಜೋಲುತ್ತಿತ್ತು. ಹಿಂದೆ ಬಂದಾಗ ಬೆಳ್ಳಕ್ಕಿಗಳ ಗಲಾಟೆಗೆ ಮಾತು ಕೇಳಿಸುತ್ತಿರಲಿಲ್ಲ. ಈಗ ಒಂದು ಹಕ್ಕಿಯೂ ಇರಲಿಲ್ಲ. ಪಾಚಿ ಸರಿಸಿ ಕೈ ಇಳಿಸಿದೆ. ಹಾಸಿನ ಮೆತ್ತನೆ ಬೆರಳಿಗೆ ಸಿಗಬೇಕಾದಲ್ಲಿ ಗಂಜಿಯಂಥ ಕೆಸರು ಸಿಕ್ಕಿತು. ಎತ್ತಿದರೆ ಕಪ್ಪು, ಅದೇ ವಾಸನೆ. ದೋಣಿ ಸರಿಸಿ ಇನ್ನೊಂದು ಕಡೆ, ಮತ್ತೊಂದು ಕಡೆ ನೋಡಿದೆ. ಎಲ್ಲೂ ಇಲ್ಲ. ಕಂಬ ಒಂದು ನಿಂತಿತ್ತು. ಅದರ ಮೇಲೆ ನಮ್ಮ ಸೆನ್ಸರಿನ ಪುಟ್ಟ ಕೆಂಪು ದೀಪ ಮಿಣುಕುತ್ತ, ಸನತ್‌ನಗರಕ್ಕೆ ಸುದ್ದಿ ಕಳಿಸುತ್ತಿತ್ತು.

"ದಡದ ಕಡೆ ಹೋಗಿರಬಹುದಾ?" ಎಂದು ಕೇಳಿದೆ. ನೀರು ಆಳವಾದರೆ ಈ ಹುಲ್ಲು ನಿಧಾನವಾಗಿ ದಡದತ್ತ ಹಬ್ಬುವುದುಂಟು.

ಅವರು ಗಲ್ಲವೆತ್ತಿ ತೋರಿಸಿದರು. ದಡದುದ್ದಕ್ಕೂ ಸಿಗಡಿ ಹೊಂಡಗಳ ಮಣ್ಣಿನ ಏರಿ, ಕಲ್ಲು ಜೋಡಿಸಿ ಕಟ್ಟಿದ್ದು. "ಎಲ್ಲಿಗೆ ಹೋಗತ್ತಮ್ಮಾ? ಹಿಂದೆ ನೀರು, ಮುಂದೆ ಗೋಡೆ." ಹುಟ್ಟಿಗೆ ಜೋತ ಪಾಚಿ ಬಿಡಿಸುತ್ತ, "ನೀವು ಇಲ್ಲಿಂದ ಒಂದಿಷ್ಟು ತೆಗೊಂಡು ಹೋಗಿದ್ರಲ್ಲ, ಅದು ಇದೆಯಾ?" ಎಂದರು.

ಇದೆ ಎಂದೆ. ಅವರು ದೋಣಿ ತಿರುಗಿಸಿದರು.

ರೈಲಿನಲ್ಲಿ ವಾಪಸು ಬರುವಾಗ ಪಂಪಿನ ಸದ್ದು ತಲೆಯಲ್ಲೇ ಇತ್ತು. ನಾನು ಬಲ್ಲಷ್ಟರಲ್ಲಿ ಆ ಹಾಸಿನದೆಂದು ಉಳಿದದ್ದು, ಸಮುದ್ರವೇ ಇಲ್ಲದ ಊರಿನ ತಗಡಿನ ಶೆಡ್ಡಿನಲ್ಲಿ, ಎರಡು ತೊಟ್ಟಿಯಷ್ಟು. ಅಲ್ಲಿ ಹಾಸನ್ನು ಕೊಂದ ನೀರನ್ನೇ ನಾವು ಅದಕ್ಕೆ ಕಳಿಸಿಕೊಡುತ್ತಿದ್ದೆವು.

ಶೆಡ್ಡಿಗೆ ಬಂದಾಗ ಬಿಳಿ ಪೊರೆ ಆ ಮೂಲೆಯಿಂದ ಹೊರಟು ಅರ್ಧ ತೊಟ್ಟಿಗೆ ಹಬ್ಬಿತ್ತು. ಮುಖ್ಯಸ್ಥರು ದಿಲ್ಲಿಯಲ್ಲಿ ಸಭೆಯಲ್ಲಿದ್ದರು. ಫೋನು ಮಾಡಿ ನೋಡಿದ್ದನ್ನೆಲ್ಲ ಹೇಳಿದೆ. ಕೊಂಡಿ ಕಡಿಯುತ್ತೇನೆ ಎಂದೆ: ಸೆನ್ಸರ್ ಬೇಡ, ವಾರದ ಅಂಕಿ ಬೇಡ, ಚಂಡಮಾರುತಕ್ಕೆ ಮೊದಲಿನ ಹಳೆಯ ದಾಖಲೆಯನ್ನೇ ಪಂಪಿಗೆ ಕೊಡುತ್ತೇನೆ.

ಅತ್ತ ಅವರು ಸಭೆಯ ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದ ಸದ್ದು ಕೇಳಿತು.

"ನೋಡ್ರಿ," ಎಂದರು. "ಅಳಿವ್ಯಾಗ ಸತ್ತದ್ದು ತೊಟ್ಯಾಗೂ ಸತ್ರ, ನಮ್ಮ ತೊಟ್ಟಿ ಖರೇ ಹೇಳ್ತಾವ ಅಂತ ಸಿದ್ಧ ಆಕ್ಕೈತಿ. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಸಿಗತೈತಿ? ನೀವು ಈಗ ನೀರು ಬದಲ ಮಾಡಿದ್ರ ಒಂದೂವರೆ ವರ್ಷದ ಕೆಲಸ ನೀರಾಗ ಹೋಗ್ತೈತಿ."

"ಗೊತ್ತೈತ್ರಿ ಸರ್."

"ನಾ ಬರೂತನಾ ಏನೂ ಮುಟ್ಟಬ್ಯಾಡ್ರಿ."

"ನೀವು ಬರೂದು ನಾಲ್ಕು ದಿನ ಆಕ್ಕೈತ್ರಿ. ಅಷ್ಟ್ರಾಗ ಮುಟ್ಟಾಕ ಏನೂ ಉಳಿಯಂಗಿಲ್ರಿ."

ಸಭೆಗೆ ಕರೆಯುತ್ತಿದ್ದಾರೆಂದು ಹೇಳಿ ಅವರು ಫೋನಿಟ್ಟರು. ಅವರು ಹೇಳಿದ್ದು ಸರಿಯಾಗಿತ್ತು. ಈಗಲೂ ಸರಿಯೇ ಅನ್ನಿಸುತ್ತದೆ. ವಿಜ್ಞಾನದ ಕೆಲಸದಲ್ಲಿ ತೊಟ್ಟಿ ಸಾಯುವುದೂ ಒಂದು ಉತ್ತರ. ಸಾಯಬಾರದೆಂದು ಕೈ ಹಾಕುವವಳು ಪ್ರಶ್ನೆಯನ್ನೇ ಕೆಡಿಸುತ್ತಾಳೆ. ನಾನು ಸ್ಟೂಲಿನ ಮೇಲೆ ಕೂತೆ. ಎರಡು ಪಂಪುಗಳೂ ಒಂದಾಗಿ ಟಿಕ್ ಎನ್ನುತ್ತಿದ್ದವು. ಸಹಾಯಕಿ ತೊಟ್ಟಿಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು.

"ಏನ್ ಮಾಡೂದ್ರಿ ಅಕ್ಕಾರ?"

ಎದ್ದು ಹೋಗಿ 'ಇಂದು' ಜೋಡಿಯ ಹನಿಪಂಪಿನ ನಳಿಗೆಯನ್ನು ಕಿತ್ತೆ.

ಆಮೇಲೆ ಯೋಚಿಸಲು ಪುರುಸೊತ್ತಿರಲಿಲ್ಲ. ಸೆನ್ಸರಿನ ಸಂಪರ್ಕ ತೆಗೆದು, ಹಿಂದಿನ ವರ್ಷದ ಅದೇ ತಿಂಗಳಿನ ಉಬ್ಬರ ಇಳಿತದ ದಾಖಲೆಯನ್ನು ಪಂಪಿಗೆ ಹಾಕಿದೆ. ನೀರಿನ ಗೆರೆ ಇಳಿಯತೊಡಗಿತು. ತೊಟ್ಟಿಯ ನೀರನ್ನು ಒಮ್ಮೆಗೇ ಬದಲಿಸಿದರೆ ಗಿಡಕ್ಕೆ ಆಘಾತ. ಕಾಲುಭಾಗ ತೆಗೆದು, ಮೊದಲು ಕರಾವಳಿಯಿಂದ ಟ್ಯಾಂಕರಿನಲ್ಲಿ ತರಿಸಿದ್ದರಲ್ಲಿ ಉಳಿದಿದ್ದ ಹಳೆಯ ಶುದ್ಧ ಸಮುದ್ರದ ನೀರನ್ನು ಅಷ್ಟೇ ಸೇರಿಸುತ್ತ ಬಂದೆವು. ತೆಳು ನಳಿಗೆಯಿಂದ ಬಿಳಿ ಪೊರೆಯನ್ನು ಕೆಸರು ಕದಡದಂತೆ ಎಳೆದು ತೆಗೆದೆ. ಸಹಾಯಕಿ ಚಿತ್ರ ಬರೆಯುವ ಮೆತ್ತನೆಯ ಕುಂಚ ಹಿಡಿದು ಒಂದೊಂದೇ ಎಲೆಯ ಪಾಚಿ ಒರೆಸಿದಳು. ಬುಡ ಹಿಡಿದು ತುದಿಗೆ, ಮಗುವಿನ ಕೂದಲು ಬಾಚುವ ಹಾಗೆ. ನಾಲ್ಕು ದಿನವೂ ಇದೇ ಕೆಲಸ. ಎರಡನೆಯ ದಿನ ಪೊರೆ ಹಬ್ಬಿದ್ದ ತೊಟ್ಟಿಯ ಎಲೆಗಳು ನಮ್ಮ ಕಣ್ಣೆದುರೇ ಬುಡ ಬಿಟ್ಟು ಒಂದೊಂದಾಗಿ ಮೇಲೆ ಬಂದವು. ಅವಳ ಕುಂಚ ಎಲೆಯ ಮೇಲೆಯೇ ಇತ್ತು; ಎಲೆ ಕುಂಚದ ಜೊತೆ ಎದ್ದು ಬಂತು. ಅವಳು ಹಾ ಎಂದು ಕೈ ಹಿಂದೆಗೆದಳು. ಆ ತೊಟ್ಟಿ ಹೋಯಿತು.

ಇನ್ನೊಂದು ನಿಂತಿತು.

ಮುಖ್ಯಸ್ಥರು ವಿಮಾನ ನಿಲ್ದಾಣದಿಂದ ನೇರ ಶೆಡ್ಡಿಗೆ ಬಂದರು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವರು ಸತ್ತ ತೊಟ್ಟಿ ನೋಡಿದರು, ಬದುಕಿದ್ದನ್ನು ನೋಡಿದರು. ಚೀಲ ನೆಲಕ್ಕಿಟ್ಟು ಗಾಜಿನ ಹತ್ತಿರ ಬಗ್ಗಿದರು. ನೀರು ಆಗ ಏರುತ್ತಿತ್ತು.

"ಇದು ಯಾವಾಗಿನ ಉಬ್ಬರ್ರಿ?"

"ಹೋದ ವರ್ಷದ್ರಿ ಸರ್."

"ಅಂದ್ರ ಇದು ಈಗ ಎಲ್ಲೂ ಇಲ್ಲದ ನೀರು."

"ಹೌದ್ರಿ."

ಅವರು ಸ್ಟೂಲು ಎಳೆದುಕೊಂಡು ಕೂತರು. ಉಬ್ಬರ ಪೂರ್ತಿ ತುಂಬುವವರೆಗೂ ಕೂತಿದ್ದರು. ಆಮೇಲೆ ಎದ್ದು ಹೋಗಿ 'ಇಂದು' ಎಂಬ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು. ಬೇರೆ ಏನೂ ಬರೆದು ಅಂಟಿಸಲಿಲ್ಲ.

ವರದಿಯಲ್ಲಿ ಅವರು ನಡೆದದ್ದನ್ನು ನಡೆದಂತೆ ಬರೆದರು: ಇಂಥ ದಿನ 'ಇಂದು' ಜೋಡಿಯ ಕೊಂಡಿಯನ್ನು ಕಡಿಯಲಾಯಿತು, ಆದ್ದರಿಂದ ಕೊನೆಯ ತೂಕದ ಅಂಕಿಗಳು ಇಲ್ಲ. ಪರಿಶೀಲನೆ ಮಾಡಿದವರು ಒಪ್ಪಲಿಲ್ಲ. ಯೋಜನೆ ಮುಂದುವರಿಯಲಿಲ್ಲ. ನನ್ನ ಕುರ್ಚಿ ಕೊಂಡಾಪುರದ ಕಚೇರಿಗೆ ಹೋಯಿತು. ಶೆಡ್ಡು ಖಾಲಿ ಮಾಡುವ ತನಕ ನಾನು ಮಧ್ಯಾಹ್ನಗಳಲ್ಲಿ ಬಂದು ಆ ಒಂದು ತೊಟ್ಟಿ ನೋಡಿಕೊಂಡು ಹೋಗುತ್ತಿದ್ದೆ. ಎರಡು ಸಾಲಿನಲ್ಲಿ ಏಳು ಖಾಲಿ ತೊಟ್ಟಿಗಳು, ಕೊನೆಯದರಲ್ಲಿ ಕಳೆದುಹೋದ ವರ್ಷದ ಸಮುದ್ರ ಏರಿ ಇಳಿಯುತ್ತಿತ್ತು. ಬೇರುಕಾಂಡ ಗಾಜಿನ ಗೋಡೆ ಮುಟ್ಟಿ, ಜಾಗ ಸಾಲದೆ, ತಿರುಗಿ ತನ್ನ ಮೇಲೆಯೇ ಹಬ್ಬತೊಡಗಿತ್ತು.

ಅಳಿವೆಯ ಮೇಲ್ಭಾಗದಲ್ಲಿ, ಬಿಟ್ಟುಹೋದ ಸಿಗಡಿ ಹೊಂಡವೊಂದರ ಏರಿ ಒಡೆದು ನೀರು ಒಳಗೆ ಬಂದಿದೆ, ಮೊಣಕಾಲುದ್ದ, ಪಾಚಿ ಅಷ್ಟಾಗಿ ಇಲ್ಲ ಎಂದು ದೋಣಿಯವರು ತಿಳಿಸಿದಾಗ ಮುಖ್ಯಸ್ಥರೇ ಓಡಾಡಿ ಅನುಮತಿ ತಂದರು. ತೊಟ್ಟಿಯ ಹುಲ್ಲಿನಲ್ಲಿ ಅರ್ಧವನ್ನು ಒಂದು ಕರಾವಳಿ ಪ್ರಯೋಗಾಲಯಕ್ಕೆ ಕೊಟ್ಟೆವು. ಉಳಿದರ್ಧವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಐಸ್ ಡಬ್ಬಿಯಲ್ಲಿಟ್ಟು ಮುಖ್ಯಸ್ಥರೂ ನಾನೂ ರೈಲು ಹತ್ತಿದೆವು. ಸಹಾಯಕಿಯೂ ಬಂದಳು. ನಸುಕಿನಲ್ಲಿ ದಡಕ್ಕೆ ಬಂದು ಸಮುದ್ರದ ಕಡೆ ತಿರುಗಿದವಳು ಅಲ್ಲೇ ನಿಂತುಬಿಟ್ಟಳು.

"ಇದು ಸಪ್ಪಳ ಮಾಡ್ತೈತಲ್ರಿ ಅಕ್ಕಾರ!"

"ಮತ್ತ?"

"ನಮ್ದು ಮೂಕ ಇತ್ತಲ್ರಿ. ಎಲ್ಲಾವೂ ಹಂಗ ಅನ್ಕೊಂಡಿದ್ದೆ."

ಹೊಂಡದ ನೀರು ರಾಡಿಯಾಗಿತ್ತು. ಬಗ್ಗಿ, ಕೈಬೆರಳಿನಿಂದ ಕೆಸರು ಕೆದಕಿ, ಒಂದೊಂದು ಬೇರುಕಾಂಡವನ್ನು ಮಲಗಿಸಿ, ಬಗ್ಗಿಸಿದ ತಂತಿಯಿಂದ ಚುಚ್ಚಿ ಹಿಡಿಸಿದೆವು. ದೋಣಿಯವರೂ ಸೇರಿ ನಾಲ್ವರೂ ಸಾಲಾಗಿ, ಭತ್ತದ ನಾಟಿಯ ಹಾಗೆ. ನೆಟ್ಟದ್ದು ನೆಟ್ಟ ಕ್ಷಣಕ್ಕೇ ಕಣ್ಮರೆ. ಮಧ್ಯಾಹ್ನದ ಉಬ್ಬರ ಬಂದಾಗ ನೆಟ್ಟ ಜಾಗ ಯಾವುದೆಂದೂ ಗೊತ್ತಾಗದಂತೆ ನೀರು ಮುಚ್ಚಿಕೊಂಡಿತು. ಮುಖ್ಯಸ್ಥರು ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಏರಿಯ ಮೇಲೆ ನಿಂತು ಬಹಳ ಹೊತ್ತು ಆ ಕಂದು ನೀರನ್ನೇ ನೋಡಿದರು. "ಬದುಕ್ತಾವಂತೀರಿ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಶೆಡ್ಡನ್ನು ಲೇತ್ ಮಾಲೀಕರೇ ಹಿಡಿದರು. ಸಹಾಯಕಿ ಒಂದು ಶಾಲೆಯಲ್ಲಿ ಆಯಾ ಆದಳು. ಒಂದು ಮಳೆಗಾಲ ಕಳೆಯಿತು. ಹೊಂಡದ ಸುದ್ದಿ ಕೇಳಲು ನನಗೆ ಧೈರ್ಯವಾಗಲಿಲ್ಲ, ದೋಣಿಯವರೂ ಹೇಳಲಿಲ್ಲ. ಒಂದು ದಿನ ಕಚೇರಿಯಲ್ಲಿದ್ದಾಗ ಅವರ ಕರೆ ಬಂತು. ಹಿನ್ನೆಲೆಯಲ್ಲಿ ನೀರಿನ ಸದ್ದು.

"ಅಮ್ಮಾ, ಹೊಂಡದಲ್ಲಿ ನಿಂತಿದೀನಿ. ನೀರು ರಾಡಿ, ಏನೂ ಕಾಣಲ್ಲ. ಆದರೆ ಕಾಲಿಗೆ ಏನೋ ತಾಕ್ತಾ ಇದೆ."

"ಎಲ್ಲಿ?"

"ಎಲ್ಲಿ ಹೆಜ್ಜೆ ಇಟ್ರೂ. ಮೆತ್ತಗೆ. ಪಾದದ ಸುತ್ತ."

ನೂಲುಪಾಚಿಯೂ ಹಾಗೆಯೇ ತಾಕುತ್ತದೆ. ಆದರೆ ಅದಕ್ಕೆ ಬೇರಿಲ್ಲ, ಹಿಡಿದರೆ ಮುದ್ದೆಯಾಗಿ ಕೈಗೆ ಬರುತ್ತದೆ. "ಬಗ್ಗಿ ಕೈ ಹಾಕಿ," ಎಂದೆ. "ಒಂದು ಹಿಡಿ ಹಿಡ್ಕೊಂಡು ಎಳೀರಿ."

ಫೋನಿನಲ್ಲಿ ಬರೀ ನೀರು. ಅವರ ಉಸಿರು. ಮತ್ತೆ ನೀರು.

"ಬಂತಾ?"

"ರಾಲೇದಮ್ಮಾ," ಎಂದರು ಅವರು. "ಬರ್ತಿಲ್ಲ. ಕೆಳಗಿಂದ ಗಟ್ಟಿ ಹಿಡ್ಕೊಂಡಿದೆ."